ಒಂದೂ ಬ್ಯಾಕ್ಟೀರಿಯಾ ಇಲ್ಲದ ಇಡ್ಲಿ

ಹೋದ ಶನಿವಾರ ಬೆಳಿಗ್ಗೆ ಪುಣೆಯ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಹೋಟೆಲಿನಲ್ಲಿ ಇಡ್ಲಿಯೊಂದು ತಟ್ಟೆಗೆ ಬಿತ್ತು. ಸದ್ದು ಕೇಳಿಸಿತು.

ಇಡ್ಲಿ ಬಿದ್ದರೆ ಸದ್ದಾಗಬಾರದು. ಇದು 'ಟಣ್' ಎಂದಿತು. ಪಕ್ಕದ ಟೇಬಲ್ಲಿನವರು ತಮ್ಮ ಚಮಚ ಬಿತ್ತೇನೋ ಎಂದು ಬಗ್ಗಿ ಹುಡುಕಿದರು.

ದಿನಾ ಅದೇ ಮೂಲೆಯಲ್ಲಿ ಕೂರುವ ಗೋಖಲೆ ಕಾಕಾ ಆ ಇಡ್ಲಿಯನ್ನು ಬೆರಳಿನಿಂದ ಒತ್ತಿದರು. ಅದು ಒತ್ತಿಸಿಕೊಳ್ಳಲಿಲ್ಲ. ಮೂಸಿ ನೋಡಿದರು. ಆಮೇಲೆ ಗಲ್ಲಾದ ಕಡೆ ತಿರುಗಿ, ಸಾವಿನ ಮನೆಯಲ್ಲಿ ವಿಚಾರಿಸುವ ದನಿಯಲ್ಲಿ, "ಶೆಟ್ಟಿ, ಯಾತ ಬಾಮ್ ಪಡ್ಲಾ ಕಾ ಹೋ?" ಎಂದರು. ಇದಕ್ಕೆ ನೋವಿನ ಬಾಮ್ ಬಿದ್ದಿದೆಯೇನಪ್ಪಾ ಅಂತ.

ಇದರಲ್ಲಿ ನನ್ನ ಪಾತ್ರವೇನು ಅಂತ ಕೇಳುತ್ತೀರಾ? ಇಡ್ಲಿ ಹೀಗೇ ಆಗುತ್ತದೆ ಎಂದು ನಾನು ಮೊದಲೇ ಪ್ರಯೋಗ ಮಾಡಿ, ಸಾಬೀತುಪಡಿಸಿ, ಕೆಳಗೆ ಸಹಿ ಹಾಕಿ ಕೊಟ್ಟಿದ್ದೆ. ಹೋಟೆಲಿನ ಮಾಲೀಕರಾದ ಸದಾಶಿವ ಶೆಟ್ರು ಅದಕ್ಕೆ ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ, ಗಣಪತಿಯ ಪಕ್ಕದಲ್ಲಿ ತೂಗುಹಾಕಿದ್ದರು. ಇಬ್ಬರೂ ಭಾರೀ ಖುಷಿಯಲ್ಲಿದ್ದೆವು.

ಕ್ರಮವಾಗಿ ಹೇಳುತ್ತೇನೆ. (ನನ್ನ ಡೈರಿಯ ಅಭ್ಯಾಸ ನಿಮಗೆ ಗೊತ್ತೇ ಇದೆ. ಕಂಪನಿ ಬಸ್ಸು ಎಷ್ಟು ಸಲ ತಡವಾಯಿತು, ಮನೆಯ ಮಾಲಕಿ ಎಷ್ಟು ಸಲ 'ಲಗ್ನ ಯಾವಾಗ' ಅಂದರು, ಎಲ್ಲದಕ್ಕೂ ಅದರಲ್ಲಿ ಗೀಟು ಬೀಳುತ್ತದೆ. ಎರಡನೆಯದಕ್ಕೆ ಈಗ ಬೇರೆಯೇ ಡೈರಿ ಇಟ್ಟಿದ್ದೇನೆ.)

ನಾನು ರಾಂಜಣಗಾಂವದ ಒಂದು ಶಾಂಪೂ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ ಎಂಬುದು ಹಳೆಯ ಓದುಗರಿಗೆ ನೆನಪಿರಬಹುದು. ಶಾಂಪೂದಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆಯೇ ಎಂದು ನೋಡುವುದು ನನ್ನ ಕೆಲಸ. ಬೆಳೆದಿದ್ದರೆ ಎಣಿಸಬೇಕು. ಎಣಿಸಿದ್ದನ್ನು ಬರೆಯಬೇಕು. ಹುಟ್ಟಾ ಇಂಥದೇ ಸ್ವಭಾವದವಳಿಗೆ ಇದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದು ಗೊತ್ತಾದಾಗ ನನಗೆ ಅಳುವೇ ಬಂದಿತ್ತು.

ಶೆಟ್ರು ಕುಂದಾಪುರದ ಕಡೆಯವರು. ನಾನು ಹಾವೇರಿಯಿಂದ ಪುಣೆಗೆ ಬಂದ ಮೊದಲ ಬೆಳಿಗ್ಗೆ ಬಸ್ಸಿಳಿದು, ಕಣ್ಣುಜ್ಜಿಕೊಂಡು, ಮೊದಲು ಕಂಡ ಬಾಗಿಲಿಗೆ ನುಗ್ಗಿ ತಿಂದದ್ದು ಅವರ ಇಡ್ಲಿ. ಆವತ್ತಿನಿಂದ ರಜೆಯ ದಿನ ಬೆಳಿಗ್ಗೆ ಅಲ್ಲಿ ನನ್ನ ಹಾಜರಿ ತಪ್ಪಿಲ್ಲ. ಬಾಯಿಗಿಟ್ಟರೆ ಅಗಿಯುವ ಮೊದಲೇ ಮುಗಿದುಹೋಗುವ ಇಡ್ಲಿ. ಸಣ್ಣಗೆ ಹುಳಿ. ಅದನ್ನು ಚಟ್ನಿ ಇಲ್ಲದೆ ತಿನ್ನುವವರಿದ್ದಾರೆ. ಗೋಖಲೆ ಕಾಕಾ ಅವರಲ್ಲಿ ಒಬ್ಬರು.

ಇಂಥ ಹೋಟೆಲಿನ ಬಗ್ಗೆ ಮಳೆಗಾಲದ ಒಂದು ದಿನ ಯಾರೋ ಇಂಟರ್ನೆಟ್ಟಿನಲ್ಲಿ ರಿವ್ಯೂ ಬರೆದರು. ಮೂರೇ ಪದ. "ಟೇಸ್ಟ್ ಓಕೆ. ಬ್ಯಾಕ್ಟೀರಿಯಾ?"

ಅಷ್ಟೆ. ಬೈಗುಳವಿಲ್ಲ, ದೂರಿಲ್ಲ, ಜಿರಳೆಯ ಫೋಟೊ ಇಲ್ಲ. ಒಂದು ಪ್ರಶ್ನೆ ಚಿಹ್ನೆ ಒಬ್ಬ ಮನುಷ್ಯನನ್ನು ಏನು ಮಾಡಬಲ್ಲದು? ಶೆಟ್ರನ್ನು ನೋಡಬೇಕಿತ್ತು.

"ಬೈದಿದ್ರೆ ಬೈಲಿ ಮಾರಾಯ್ತಿ, ಬೈಸಿಕೊಂಡು ಅಭ್ಯಾಸ ಉಂಟು. ಇವ ಕೇಳಿ ಬಿಟ್ಟು ಹೋಗಿದ್ದಾನಲ್ಲ! ಈಗ ನಾನು ಯಾರಿಗೆ ಉತ್ತರ ಕೊಡುದು?"

"ಬಿಡ್ರಿ ಶೆಟ್ರ, ಯಾರೋ ಟೈಮ್‌ಪಾಸಿಗೆ ಬರ್ದಿದ್ದಾರೆ."

"ಟೈಮ್‌ಪಾಸಿಗೆ ಬ್ಯಾಕ್ಟೀರಿಯಾದ ಹೆಸರು ಯಾಕೆ ಬರ್ತದೆ? ಅವನಿಗೆ ಕಂಡಿರ್ಬೇಕು."

ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ ಎಂದು ವಿವರಿಸಿದೆ. ಅದು ದೊಡ್ಡ ತಪ್ಪಾಯಿತು. ಕಾಣುವುದಿಲ್ಲ ಎಂದ ಮೇಲೆ ಎಲ್ಲಿ ಬೇಕಾದರೂ ಇರಬಹುದಲ್ಲ? ಮಾರನೆಯ ದಿನದಿಂದ ಶೆಟ್ರು ಗಲ್ಲಾದಲ್ಲಿ ಕೂತು ಗೋಡೆ, ಮೇಜು, ಗಿರಾಕಿ, ಹೀಗೆ ಒಂದೊಂದನ್ನೇ ಅನುಮಾನದಿಂದ ನೋಡತೊಡಗಿದರು. ಗಣಪತಿಯ ಫೋಟೊವನ್ನೂ.

ಆಗ ಬಂತು ಲಕ್ಕಿ ಎಣ್ಣೆ.

ಲಕ್ಕಿ ಗಿಡ ನೋಡಿದ್ದೀರಲ್ಲ? ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವ ಪೊದೆ. ಅಂಗೈಯಂತೆ ಬಿಡಿಬಿಡಿಯಾದ ಎಲೆ, ನೇರಳೆ ಹೂವು. ಇಲ್ಲಿನವರು ನಿರ್ಗುಡಿ ಅನ್ನುತ್ತಾರೆ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಬಾಣಂತಿಯ ಸ್ನಾನದ ನೀರಿಗೆ ನಮ್ಮವರು ಅದರ ಸೊಪ್ಪು ಹಾಕುತ್ತಾರೆ. ಶೆಟ್ರ ಭಾವ ಊರಿನಲ್ಲಿ ಈ ಸೊಪ್ಪನ್ನು ಆವಿಯಲ್ಲಿ ಬೇಯಿಸಿ ಎಣ್ಣೆ ಬಟ್ಟಿ ಇಳಿಸುತ್ತಾರಂತೆ. ಶೆಟ್ರ ಮಂಡಿನೋವಿಗೆಂದು ಒಂದು ಸೀಸೆ ಕೇಳಿದ್ದಕ್ಕೆ ಒಂದು ಕ್ಯಾನನ್ನೇ ಬಸ್ಸಿಗೆ ಹಾಕಿದ್ದರು. ಜತೆಗೊಂದು ಮಾತು: "ಇದು ಬರೀ ಮಂಡಿಗಲ್ಲ. ಬ್ಯಾಕ್ಟೀರಿಯಾಕ್ಕೂ ಆಗ್ತದೆ."

ಶೆಟ್ರು ಕ್ಯಾನಿನಿಂದ ಒಂದು ಸೀಸೆ ಬಗ್ಗಿಸಿ ನನ್ನ ಕೈಗಿಟ್ಟರು. "ನೀನು ಸಾಯುದನ್ನು ಎಣಿಸುವವಳಲ್ಲವಾ? ಎಣಿಸಿ ಹೇಳು. ಬರೆದು ಕೊಡಬೇಕು, ಆಯ್ತಾ? ಬಾಯಿಮಾತು ಬೇಡ."

ಕಾರ್ಖಾನೆಯ ಲ್ಯಾಬಿನಲ್ಲಿ ಹೊರಗಿನ ಸ್ಯಾಂಪಲ್ ಮುಟ್ಟುವಂತಿಲ್ಲ. ಹಾಗಾಗಿ ಪ್ರಯೋಗ ಮನೆಯಲ್ಲೇ ನಡೆಯಬೇಕಿತ್ತು. ಮನೆ ಎಂದರೆ ವಿಮಾನ ನಗರದ ಹಿಂಭಾಗದ ಹಳೆಯ ಸೊಸೈಟಿಯಲ್ಲಿ ನಾನು ಬಾಡಿಗೆಗಿರುವ ಒಂದು ಕೋಣೆ. ಉಳಿದ ಮನೆ, ಅಡುಗೆಮನೆ, ಫ್ರಿಜ್ಜು, ದೇವರು ಎಲ್ಲವೂ ಶಾರದಕ್ಕನವು. ಶಾರದಕ್ಕ ಜಮಖಂಡಿಯವರು. ಲಗ್ನವಾಗಿ ಪುಣೆಗೆ ಬಂದು ತಲೆಗೂದಲು ಬೆಳ್ಳಗಾದರೂ ಅವರ ಮಾತಿಗೆ ಇಲ್ಲಿನ ಗಾಳಿ ಸೋಕಿಲ್ಲ.

"ರೋಗದ ಹುಳ ಗಿಳ ನನ್ನ ಮನಿಯಾಗ ತರಂಗಿಲ್ಲ ನೋಡ ತಂಗಿ," ಎಂದು ಮೊದಲೇ ಹೇಳಿಬಿಟ್ಟರು.

ಸರಿ. ರೋಗದ್ದಲ್ಲದ ಬ್ಯಾಕ್ಟೀರಿಯಾ ಎಲ್ಲಿ ಸಿಗುತ್ತದೆ? ಸುಲಭವಾಗಿ, ದಂಡಿಯಾಗಿ, ಯಾರಿಗೂ ತೊಂದರೆಯಾಗದಂತೆ?

ಶೆಟ್ರ ಇಡ್ಲಿ ಹಿಟ್ಟಿನಲ್ಲಿ! ಹಿಟ್ಟು ಹುದುಗಿ ಉಬ್ಬುವುದೇ ಅವುಗಳಿಂದ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಶೆಟ್ರ ಹತ್ತಿರವೇ ಒಂದು ಡಬ್ಬಿ ಹಿಟ್ಟು ಕೇಳಿ ತಂದೆ. ("ದೋಸೆಗಾ?" ಅಂದರು. "ಟೆಸ್ಟಿಗೆ" ಅಂದೆ. "ಹಾಂ, ತಕೊ" ಅಂದರು. ನಾವಿಬ್ಬರೂ ಓದಿದವರು.)

ಚೈನಾಗ್ರಾಸು, ಹಾಲಿನ ಪುಡಿ, ಸ್ವಲ್ಪ ಸಕ್ಕರೆ ಹಾಕಿ ಕಾಯಿಸಿ ಎರಡು ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದೆ. ಎರಡರ ಮೇಲೂ ಹಿಟ್ಟನ್ನು ತೆಳ್ಳಗೆ ಸವರಿದೆ. ಒಂದರ ನಡುವೆ ಲಕ್ಕಿ ಎಣ್ಣೆಯಲ್ಲಿ ಅದ್ದಿದ ಕಾಗದದ ಚೂರು. ಇನ್ನೊಂದರ ನಡುವೆ ಬರೀ ನೀರಿನಲ್ಲಿ ಅದ್ದಿದ ಚೂರು. ಮಿಕ್ಕ ಹಿಟ್ಟನ್ನು ಬಿಸಾಡಲಿಲ್ಲ. ಬಂದ ಸ್ಯಾಂಪಲ್ಲಿನಲ್ಲಿ ಒಂದು ಪಾಲನ್ನು ಮುಟ್ಟದೆ ಎತ್ತಿಡಬೇಕು ಎಂಬುದು ಲ್ಯಾಬಿನ ನಿಯಮ. ಡಬ್ಬಿಗೆ 'ಕಂಟ್ರೋಲ್. ಮುಟ್ಟಬೇಡಿ' ಎಂದು ಚೀಟಿ ಅಂಟಿಸಿ ಫ್ರಿಜ್ಜಿನ ಮೂಲೆಯಲ್ಲಿಟ್ಟೆ.

ಮೂರನೆಯ ದಿನ ನೋಡಿದರೆ ನೀರಿನ ತಟ್ಟೆಯ ತುಂಬ ರವೆ ಚೆಲ್ಲಿದಂತೆ ಬ್ಯಾಕ್ಟೀರಿಯಾ. ಎಣ್ಣೆಯ ತಟ್ಟೆಯಲ್ಲೂ ಅಂಚಿಗೆ ರವೆ. ಆದರೆ ಆ ಕಾಗದದ ಚೂರಿನ ಸುತ್ತ ದುಂಡನೆಯ ಖಾಲಿ ಜಾಗ, ಚಂದ್ರನಿಗೆ ಕಣ ಕಟ್ಟಿದ ಹಾಗೆ. ಒಂದೂ ಇಲ್ಲ. ಇಷ್ಟು ಚೆಂದದ ವೃತ್ತವನ್ನು ನಾನು ಕೆಲಸದಲ್ಲೂ ಕಂಡಿರಲಿಲ್ಲ. ಶಾರದಕ್ಕನನ್ನು ಕರೆದು ತೋರಿಸಿದೆ.

"ಏನ ಅದು?"

"ಎಲ್ಲಾ ಸತ್ತಾವ ಅಕ್ಕಾ!"

"ಸತ್ತರ ಅದರಾಗ ಹಲ್ಲು ಕಿಸಿಯೋದ ಏನದ?" ಎಂದು ಒಳಗೆ ಹೋದರು.

ನಾನು ವರದಿ ಬರೆದೆ. ಪರೀಕ್ಷಿಸಿದ ಬ್ಯಾಕ್ಟೀರಿಯಾ: ಶೆಟ್ರ ಹೋಟೆಲಿನ ಇಡ್ಲಿ ಹಿಟ್ಟಿನಿಂದ ಪಡೆದವು. ಫಲಿತಾಂಶ: ಎಣ್ಣೆಯ ಸುತ್ತ ಬೆಳವಣಿಗೆ ಇಲ್ಲ. ಕೆಳಗೆ ಸಹಿ.

ಶೆಟ್ರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು. "ಸತ್ತವಾ?"

"ಸತ್ತವು."

"ಎಲ್ಲ?"

"ಎಣ್ಣೆ ಮುಟ್ಟಿದ ಕಡೆ ಎಲ್ಲ."

ಯಾವುವು ಸತ್ತವು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಬರೆದಿತ್ತಲ್ಲ!

ಮರುವಾರ ಹೋಟೆಲಿನ ಬಾಗಿಲಿಗೆ ಪರಾತದಷ್ಟು ದೊಡ್ಡದಾದ, ದುಂಡನೆಯ ಸ್ಟೀಲ್ ಬೋರ್ಡೊಂದು ಬಂತು. ಕೆಂಪು ಅಕ್ಷರದಲ್ಲಿ, ಮರಾಠಿಯಲ್ಲಿ: "ಯೇಥೇ ಏಕಹೀ ಬ್ಯಾಕ್ಟೀರಿಯಾ ನಾಹೀ." ಇಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಬೋರ್ಡ್ ಹಾಕಿದ ಮೇಲೆ ಮಾತು ಉಳಿಸಿಕೊಳ್ಳಬೇಡವೇ? ನೆಲ ಒರೆಸುವ ನೀರಿಗೆ ಲಕ್ಕಿ ಎಣ್ಣೆ. ಮೇಜಿಗೆ ಲಕ್ಕಿ ಎಣ್ಣೆ. ಬಿಲ್ಲು ಮುಟ್ಟಿದ ಕೈಗೆ ಲಕ್ಕಿ ಎಣ್ಣೆ. ಒಳಗೆ ಕಾಲಿಟ್ಟರೆ ಬಾಣಂತಿ ಕೋಣೆಗೆ ಬಂದಂತಾಗುತ್ತಿತ್ತು. ಶೀತ ಆದವರು ಎರಡೆರಡು ಸಲ ಬರತೊಡಗಿದರು.

ಶುಕ್ರವಾರ ಶೆಟ್ರಿಗೆ ಇನ್ನೊಂದು ಯೋಚನೆ ಬಂದಿದೆ. ಹೊರಗೆಲ್ಲ ಒರೆಸಿದರೆ ಸಾಕೇ? ಒಳಗೆ? ಅಕ್ಕಿ, ಉದ್ದು ನೆನೆಹಾಕಿದ ನೀರಿಗೇ ಧಾರಾಳವಾಗಿ ಸುರಿದಿದ್ದಾರೆ. ಹಿಟ್ಟಿನ ಡ್ರಮ್ಮುಗಳ ಒಳಮೈಗೆ ಸವರಿದ್ದಾರೆ. ಮೊಸರಿನ ಪಾತ್ರೆಯನ್ನೂ ಬಿಟ್ಟಿಲ್ಲ.

ಶನಿವಾರ ಬೆಳಿಗ್ಗೆ 'ಟಣ್'.

ನಾನು ಆ ಹೊತ್ತಿಗೆ ಅಲ್ಲೇ ಇದ್ದೆ. ಅಡುಗೆಮನೆಗೆ ಓಡಿದೆವು. ಡ್ರಮ್ಮುಗಳಲ್ಲಿ ಹಿಟ್ಟು ಸುಣ್ಣದ ನೀರಿನಂತೆ ತಣ್ಣಗೆ ಮಲಗಿತ್ತು. ಒಂದು ಗುಳ್ಳೆ ಇಲ್ಲ. ಹಿಂದಿನ ಸಂಜೆ ಹೆಪ್ಪು ಹಾಕಿದ ಹಾಲು ಇನ್ನೂ ಹಾಲೇ ಆಗಿತ್ತು. ಎಲ್ಲವೂ ಅತ್ಯಂತ ಶುದ್ಧವಾಗಿತ್ತು.

ಶೆಟ್ರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಫ್ರೇಮ್ ನೋಡಿದೆ. ಅವರು ಅದನ್ನು ಇಳಿಸಿ, ಕನ್ನಡಕ ಹಾಕಿ, ಮೊದಲ ಸಲ ಪೂರ್ತಿಯಾಗಿ ಓದಿದರು. 'ಇಡ್ಲಿ ಹಿಟ್ಟಿನಿಂದ' ಎಂಬಲ್ಲಿ ಬೆರಳು ನಿಂತಿತು.

"ಇದು ನಮ್ಮ ಹಿಟ್ಟಾ?"

"ಹೌದ್ರಿ."

"ಸತ್ತದ್ದು?"

"ಅವೇ."

"ಹಾಗಾದ್ರೆ ನೀನು ನಂಗೆ ಬರೆದು ಕೊಟ್ಟದ್ದು, ಇದನ್ನು ಹಾಕಿದ್ರೆ ನಿಮ್ಮ ಹಿಟ್ಟು ಸಾಯ್ತದೆ ಅಂತ?"

"ನೀವದಕ್ಕ ಫ್ರೇಮ್ ಹಾಕಿಸಿದ್ರಿ."

ಹೊರಗೆ ಗೋಖಲೆ ಕಾಕಾ ಇಡ್ಲಿಯನ್ನು ಮೇಜಿನ ಮೇಲೆ ಉರುಳಿಸಿ ನೋಡುತ್ತಿದ್ದರು. ಅದು ಸಲೀಸಾಗಿ ಉರುಳುತ್ತಿತ್ತು.

"ಹೊಸ ಅಕ್ಕಿ, ಹೊಸ ಉದ್ದು ನೆನೆಹಾಕಿ, ಬೇರೆ ಡ್ರಮ್ ತಗೋರಿ ಶೆಟ್ರ," ಎಂದೆ. "ಉದ್ದಿನೊಳಗೇ ಬ್ಯಾಕ್ಟೀರಿಯಾ ಇರ್ತಾವೆ. ತಾನಾಗಿ ಹುದುಗುತ್ತೆ. ಒಂದು ದಿನ ತಡ ಆಗಬಹುದು, ಅಷ್ಟೆ."

ಅವರು ಮಾಡಿನ ಕೆಳಗಿನ ಹಲಗೆಯಿಂದ ಒಂದು ಪುಟ್ಟ ಕಂಚಿನ ಪಾತ್ರೆ ಇಳಿಸಿದರು. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಲಕ್ಕಿ.

"ಇದನ್ನೂ ನಿನ್ನೆ ಒರೆಸಿದೆ ಮಾರಾಯ್ತಿ. ಮೊದಲು ಇದನ್ನೇ ಒರೆಸಿದೆ."

ಆಗ ಗೊತ್ತಾಯಿತು. ಶೆಟ್ರ ಅಮ್ಮ ಊರಿನಲ್ಲಿ ನಿತ್ಯದ ಹಿಟ್ಟಿನಿಂದ ಒಂದಿಷ್ಟನ್ನು ಈ ಪಾತ್ರೆಯಲ್ಲಿ ಉಳಿಸಿ ಮರುದಿನದ ಹಿಟ್ಟಿಗೆ ಬೆರೆಸುತ್ತಿದ್ದರು. ಮಗ ಪುಣೆಗೆ ಹೊರಟಾಗ ಬಟ್ಟೆಯಲ್ಲಿ ಬಿಗಿದು ಮಡಿಲಲ್ಲಿಟ್ಟು ಕಳಿಸಿದರು. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ತಪ್ಪದೆ ಹಳೆಯದು ಹೊಸದನ್ನು ಹುಳಿ ಹಿಡಿಸುತ್ತ ಬಂದಿದೆ. ಹೋಟೆಲಿಗೆ ರಜೆ ಇದ್ದ ದಿನವೂ ಇದಕ್ಕಿಲ್ಲ. ಅಮ್ಮ ಹೋದ ಮೇಲೂ.

"ನೀನು ಹೇಳುದು ಸರಿ, ಹಿಟ್ಟು ಹುಳಿ ಬರ್ತದೆ," ಎಂದರು ಶೆಟ್ರು. "ಆದ್ರೆ ಅದು ಹಿಟ್ಟು. ಅಮ್ಮಂದಲ್ಲ."

ಇಷ್ಟು ಹೇಳಿ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಕಂಟ್ರೋಲ್! ಎಣ್ಣೆ ಮುಟ್ಟದ ಡಬ್ಬಿ! ಫ್ರಿಜ್ಜಿನ ಮೂಲೆಯಲ್ಲಿ ಶೆಟ್ರ ಅಮ್ಮನ ಹಿಟ್ಟು ಚಳಿಗೆ ಮುದುಡಿಕೊಂಡು ಜೀವಂತವಾಗಿದೆ!

ಶಾರದಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಶನಿವಾರ ಅವರು ಚಿಂಚವಡದ ತಂಗಿಯ ಮನೆಗೆ ಹೋಗುತ್ತಾರೆ. ಫೋನು ಪರ್ಸಿನಲ್ಲಿ, ಪರ್ಸು ಚೀಲದಲ್ಲಿ, ಚೀಲ ತಂಗಿಯ ಕಪಾಟಿನಲ್ಲಿ. ಅಡುಗೆಮನೆಯ ಬೀಗದ ಕೈ ಅವರ ಸೊಂಟದಲ್ಲಿ. ಬರುವುದು ಸಂಜೆಗೆ.

ಮಾಡುವುದೇನು? ಶೆಟ್ರು ಹೋಟೆಲಿನ ಬಾಗಿಲು ಅರ್ಧ ಎಳೆದು, ಹೊಸ ಡ್ರಮ್ಮು ತರಿಸಿ, ಬಿಸಿನೀರಿನಲ್ಲಿ ತೊಳೆದು, ಒಡೆಯದ ಮೂಟೆಯ ಅಕ್ಕಿ, ಉದ್ದು ನೆನೆಹಾಕಿದರು. ಭಾನುವಾರ ಬೆಳಿಗ್ಗೆ ಸ್ವಾರಗೇಟದಲ್ಲಿ ಇಳಿಯುವವರಿಗೆ ಶೆಟ್ರ ಇಡ್ಲಿ ಇಲ್ಲ ಎಂದು ಹೇಳಲು ಯಾರೂ ತಯಾರಿರಲಿಲ್ಲ.

ಕಾಯುತ್ತ ಕೂತಾಗ ಯೋಚಿಸಿದೆ. ಗಿಡದ್ದು ಅಂದರೆ ನಮಗೆ ಎಂಥ ಭರವಸೆ! ಕಾರ್ಖಾನೆಯ ಔಷಧಿಯಾದರೆ ಕೈಗವಸು ಹಾಕಿಕೊಳ್ಳುತ್ತೇವೆ. ಸೊಪ್ಪಿನದ್ದು ಎಂದ ಕೂಡಲೇ ಅದಕ್ಕೆ ನಮ್ಮ ಮನೆಯ ಪರಿಚಯ ಇದೆ, ಕೆಟ್ಟವರನ್ನು ಮಾತ್ರ ಹುಡುಕಿ ಹೊಡೆಯುತ್ತದೆ, ನಮ್ಮವರಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತದೆ ಎಂದು ನಂಬುತ್ತೇವೆ. ಲಕ್ಕಿ ಗಿಡ ಎಣ್ಣೆ ಮಾಡಿಟ್ಟುಕೊಂಡಿರುವುದು ಶೆಟ್ರ ಮಂಡಿಗಾಗಿಯೇ? ಅದರ ಕಷ್ಟ ಅದಕ್ಕೆ. ತನ್ನ ಎಲೆ ಕೊಳೆಸಲು, ಕಡಿಯಲು ಬಂದವರನ್ನು ಓಡಿಸಲು ಬದುವಿನ ಮೇಲೆ ಒಂಟಿಯಾಗಿ ನಿಂತ ಪೊದೆ ಮಾಡಿಕೊಂಡ ಏರ್ಪಾಡು ಅದು. ಅದಕ್ಕೆ ಇಡ್ಲಿ ಗೊತ್ತಿಲ್ಲ. ಕುಂದಾಪುರ ಗೊತ್ತಿಲ್ಲ. ಅಮ್ಮ ಗೊತ್ತಿಲ್ಲ.

(ಇದನ್ನು ಶೆಟ್ರಿಗೆ ಹೇಳಿದೆ. "ಇದನ್ನು ಈಗ ಹೇಳುದಾ ಮಾರಾಯ್ತಿ?" ಎಂದರು.)

ಸಂಜೆ ನಾವಿಬ್ಬರೂ ವಿಮಾನ ನಗರ ಮುಟ್ಟಿ, ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಾಗ ಶಾರದಕ್ಕ ಆಗತಾನೇ ದೇವರಿಗೆ ದೀಪ ಹಚ್ಚಿ ಕೈಮುಗಿಯುತ್ತಿದ್ದರು. ನಾನು ನೇರ ಫ್ರಿಜ್ಜಿಗೆ ನುಗ್ಗಿದೆ. ಮೂಲೆ ಖಾಲಿ.

"ಅಕ್ಕಾ, ಇಲ್ಲಿ ಒಂದು ಡಬ್ಬಿ ಇತ್ತು. ಕಂಟ್ರೋಲ್ ಅಂತ ಬರ್ದಿದ್ದೆ."

"ನನ್ನ ಫ್ರಿಜ್ಜಿನ್ಯಾಗ ನಂದ ಕಂಟ್ರೋಲ. ಬ್ಯಾರೆ ಯಾರದು?" ಎಂದರು ಶಾರದಕ್ಕ. "ಗುರುವಾರ ಬೀಗ್ರು ಬಂದಿದ್ರು, ಪಡ್ಡು ಮಾಡಿದ್ನಿ. ಭಾಳ ಛಲೋ ಆಗಿದ್ವು. ನಿನಗೂ ನಾಕ ಕೊಟ್ನಲ್ಲ, ತಿಂದ ಮ್ಯಾಲೆ ಬೆರಳ ನೆಕ್ಕಿದಿ."

ಡೈರಿ ನೋಡಿದೆ. ಗುರುವಾರ, ಪಡ್ಡು, ಪಕ್ಕದಲ್ಲಿ ಒಂದು ಸ್ಟಾರ್. ಶೆಟ್ರ ಅಮ್ಮನ ಹಿಟ್ಟಿನ ಕೊನೆಯ ಪಾಲನ್ನು ನಾನೇ ಚಟ್ನಿಪುಡಿ ಹಚ್ಚಿ ತಿಂದಿದ್ದೆ.

ಶೆಟ್ರು ಫ್ರಿಜ್ಜಿನೊಳಗೆ ತಲೆ ಹಾಕಿದರು. "ಎಲ್ಲ ಮುಗೀತಾ ಅಕ್ಕ? ಒಂಚೂರೂ ಇಲ್ವಾ?"

"ಅಯ್ಯ, ಪೂರಾ ಹ್ಯಾಂಗ ಮುಗಿಸ್ತಾರ್ರಿ? ಹಿಟ್ಟಿನ ಭಾಂಡೆ ಬರಿದು ಮಾಡಬಾರದು. ತಳದಾಗ ನಾಕ ಚಮಚ ಬಿಟ್ಟೀನಿ. ಸಣ್ಣ ವಾಟಿಯೊಳಗ ಹಾಕಿ ಮ್ಯಾಲಿನ ಖಾನೇದಾಗ ಇಟ್ಟೀನಿ ನೋಡ್ರಿ."

ಇತ್ತು! ನೀರಿನ ಬಾಟಲಿಯ ಹಿಂದೆ, ಒಂದು ಸ್ಟೀಲ್ ವಾಟಿಯಲ್ಲಿ, ಬೆಳ್ಳಗೆ. ಮೂಸಿದೆ. ಹುಳಿ! ಶೆಟ್ರಿಗೆ ಹಿಡಿದೆ. ಅವರು ಮೂಸಿ ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಎರಡೂ ಕೈ ಚಾಚಿದರು.

ಶಾರದಕ್ಕ ವಾಟಿಯನ್ನು ನಡುವೆಯೇ ಕಸಿದುಕೊಂಡರು.

"ಕೊಡಂಗಿಲ್ರಿ."

"ಯಾಕೆ?"

"ದೀಪ ಹಚ್ಚೀನಿ. ದೀಪ ಹಚ್ಚಿದ ಮ್ಯಾಲೆ ಹಾಲು, ಮಸರು, ಹೆಪ್ಪು ಹೊಸ್ತಲಾ ದಾಟಿಸಬಾರದು. ಲಕ್ಷ್ಮಿ ಹೋಗ್ತಾಳ. ನಾಳೆ ಮುಂಜಾನೆ ಬರ್ರಿ."

"ನಾಳೆ ಬೆಳಿಗ್ಗೆ ತಗೊಂಡ್ರೆ ಹಿಟ್ಟು ಹುದುಗುದು ಯಾವಾಗ ಅಕ್ಕ? ಇವತ್ತೇ ಬೆರೆಸಬೇಕು. ದೀಪ ಒಂದು ನಿಮಿಷ ಆರಿಸಿ ಮತ್ತೆ ಹಚ್ಚಿದ್ರೆ ಆಗುದಿಲ್ವಾ?"

"ಬಾಯಾಗ ಒಳ್ಳೇ ಮಾತ ಬರಲಿ! ದೀಪ ಆರಸು ಅಂತೀರಿ?"

"ಕೊಡಬೇಡಿ. ನಾನು ಕದೀತೇನೆ. ನೀವು ಆಚೆ ತಿರುಗಿ ನಿಲ್ಲಿ."

"ಕದಿಯೂ ಮಂದಿ ಹಿಂಗ ಹೇಳಿ ಕದಿತಾರೇನ್ರಿ?"

"ಅದು ನನ್ನ ಅಮ್ಮಂದು ಅಕ್ಕ." ಶೆಟ್ರ ದನಿ ಸಣ್ಣಗಾಯಿತು. ಪಾತ್ರೆಯ ಕತೆ, ಬಟ್ಟೆಯಲ್ಲಿ ಬಿಗಿದ ಕತೆ, ತಾನೇ ಒರೆಸಿ ಕೊಂದ ಕತೆ ಎಲ್ಲ ಹೇಳಿದರು. ಶಾರದಕ್ಕ ವಾಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದರು. ಕಣ್ಣೊರೆಸಿಕೊಂಡರು. ನಂತರ, "ಆದ್ರೂ ಕೊಡಂಗಿಲ್ಲ," ಎಂದರು.

ನಾನು ನಡುವೆ ಬಾಯಿ ಹಾಕಿದೆ. ವೈಜ್ಞಾನಿಕವಾಗಿ ನೋಡಿದರೆ ದೀಪಕ್ಕೂ ಹೆಪ್ಪಿಗೂ ಸಂಬಂಧವಿಲ್ಲ ಎಂದೆ.

"ನೀ ಸುಮ್ಮಕ ಕೂಡು. ವೈಜ್ಞಾನಿಕವಾಗಿ ನೋಡೇ ಇಷ್ಟೆಲ್ಲಾ ಆಗೇದ," ಎಂದರು ಶಾರದಕ್ಕ. ನಾನು ಕೂತೆ.

ಸ್ವಲ್ಪ ಹೊತ್ತು ದೇವರ ಗೂಡನ್ನೇ ನೋಡುತ್ತ ನಿಂತವರು ಇದ್ದಕ್ಕಿದ್ದಂತೆ ತಿರುಗಿದರು. "ಹೆಪ್ಪು ಹೊರಗ ಹೋಗಂಗಿಲ್ಲ. ಹಿಟ್ಟು ಒಳಗ ಬರಲಿ. ಬ್ಯಾಡ ಅಂದೋರ್ಯಾರು?"

ಇದರ ಅರ್ಥ ನಮಗೆ ಹೊಳೆಯಲು ತುಸು ಹೊತ್ತು ಬೇಕಾಯಿತು. ಹೊಳೆದ ಮೇಲೆ ಶೆಟ್ರು ಹೋಟೆಲಿಗೆ ಫೋನ್ ಮಾಡಿದರು. ಆಗತಾನೇ ರುಬ್ಬಿ ಮುಗಿಸಿದ್ದ, ಒಂದಿಡೀ ಭಾನುವಾರದ ಇಡ್ಲಿ ಹಿಟ್ಟು ಟೆಂಪೊ ಹತ್ತಿತು. ಶನಿವಾರ ಸಂಜೆಯ ಪುಣೆ ಟ್ರಾಫಿಕ್ಕಿನಲ್ಲಿ, ಸ್ವಾರಗೇಟದಿಂದ ವಿಮಾನ ನಗರದವರೆಗೆ, ನಾಲ್ಕು ಚಮಚವನ್ನು ಭೇಟಿಯಾಗಲು ಆರು ಡ್ರಮ್ಮು ಪ್ರಯಾಣ ಮಾಡಿದವು.

ಗೇಟಿನಲ್ಲಿ ವಾಚ್‌ಮನ್ ತಡೆದ. "ಕಾಯ ಆಹೇ ಹೇ?" ಏನಿದು ಅಂತ.

"ಪೇಶಂಟ್," ಎಂದರು ಶೆಟ್ರು. ಅವರ ಮುಖ ನೋಡಿ ಆತ ದಾರಿ ಬಿಟ್ಟ.

ಎರಡು ಡ್ರಮ್ಮು ಪಡಸಾಲೆಯಲ್ಲಿ, ಎರಡು ಶಾರದಕ್ಕನ ಮಂಚದ ಪಕ್ಕ, ಒಂದು ದೇವರ ಮುಂದೆ, ಒಂದು ನನ್ನ ಕೋಣೆಯಲ್ಲಿ. ಶೆಟ್ರು ತೋಳು ಮಡಚಿದರು. ಅಮ್ಮ ಯಾವಾಗಲೂ ಕೈಯಿಂದಲೇ ಬೆರೆಸಬೇಕು ಎನ್ನುತ್ತಿದ್ದರಂತೆ. ಮೊದಲ ಡ್ರಮ್ಮಿಗೆ ಕೈ ಇಳಿಸಬೇಕು, ಅಷ್ಟರಲ್ಲಿ ಶಾರದಕ್ಕ ಅವರ ಮಣಿಕಟ್ಟು ಹಿಡಿದರು.

"ಕೈ ಹಿಂದಕ್ಕ ತಗೀರಿ! ಏನ ನಾತ ಇದು?"

ಮೂಸಿದೆ. ಲಕ್ಕಿ! ಡ್ರಮ್ಮು ಇಳಿಸಿದ ಮೇಲೆ ಶೆಟ್ರು ಕೆಳಗಿನ ನಲ್ಲಿಯಲ್ಲಿ ಕೈ ತೊಳೆದು, ಅಭ್ಯಾಸಬಲದಿಂದ, ಜೇಬಿನ ಸೀಸೆಯಿಂದ ನಾಲ್ಕು ಹನಿ ಹಚ್ಚಿಕೊಂಡೇ ಹತ್ತಿ ಬಂದಿದ್ದರು. ಅಮ್ಮನ ಹಿಟ್ಟನ್ನು ಎರಡನೆಯ ಸಲ ಮುಗಿಸಲು ಒಂದು ಗೇಣು ಬಾಕಿ ಇತ್ತು.

ಶೆಟ್ರು ತಮ್ಮ ಎರಡು ಕೈಗಳನ್ನೂ ಯಾರದೋ ಕೈ ಎಂಬಂತೆ ನೋಡಿದರು. ಹಿಂದಕ್ಕೆ ಕಟ್ಟಿಕೊಂಡು ಮೂಲೆಗೆ ಹೋಗಿ ನಿಂತರು.

ಬೆರೆಸಿದ್ದು ಶಾರದಕ್ಕ. ಬಳೆ ಮೇಲಕ್ಕೆ ಸರಿ ಮಾಡಿಕೊಂಡು, ಮೊಣಕೈವರೆಗೆ ಇಳಿಸಿ, ಒಂದೊಂದು ಡ್ರಮ್ಮನ್ನೂ ಮಗುವಿಗೆ ಎಣ್ಣೆ ತಿಕ್ಕುವಂತೆ ನಿಧಾನಕ್ಕೆ ತಿರುವಿದರು. ಒಂದು ಚಮಚದಷ್ಟನ್ನು ವಾಟಿಯಲ್ಲಿ ಉಳಿಸಲು ಮರೆಯಲಿಲ್ಲ.

"ಎಲ್ಲಾ ಹಾಕಿ ಅಕ್ಕ," ಎಂದರು ಶೆಟ್ರು ಮೂಲೆಯಿಂದ.

"ಯಾಕ, ಮತ್ತ ನೀವು ಒರಸಲಿಕ್ಕೆ?"

ನಾನು ಬಾಲ್ಕನಿಯಲ್ಲಿ ಮಲಗಿದೆ. ಶೆಟ್ರು ಮೆಟ್ಟಿಲ ಮೇಲೆ ಕೂತಿದ್ದರಂತೆ. ಒಳಗೆ ಕಾಲಿಡಲು ಜಾಗವೂ ಇರಲಿಲ್ಲ, ಅವರಿಗೆ ಧೈರ್ಯವೂ ಇರಲಿಲ್ಲ.

ಬೆಳಗಾಗುವ ಹೊತ್ತಿಗೆ ನನ್ನನ್ನು ಎಬ್ಬಿಸಿದ್ದು ಶಾರದಕ್ಕನ ಕೂಗು.

"ಏ ತಂಗಿ! ಹೊರಗ ಬರಾಕ ಆಗವಲ್ದು!"

ಬಾಗಿಲಲ್ಲಿ ನಿಂತು ನೋಡಿದೆ. ಆರಕ್ಕೆ ಆರೂ ಡ್ರಮ್ಮುಗಳ ಮುಚ್ಚಳ ಎದ್ದು ನಿಂತಿದ್ದವು. ಮಂಚದ ಪಕ್ಕದ ಎರಡೂ ಉಕ್ಕಿ, ಮಂಚದ ಸುತ್ತ ಬೆಳ್ಳನೆಯ ಹಿಟ್ಟು ನಿಧಾನಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ ಹರಡುತ್ತಿತ್ತು. ನಡುವೆ ಮಂಚದ ಮೇಲೆ ಸೀರೆ ಎತ್ತಿಕೊಂಡು ಶಾರದಕ್ಕ. ದೇವರ ಮುಂದಿನ ಡ್ರಮ್ಮು ನೈವೇದ್ಯ ತಾನೇ ಮಾಡಿ ಮುಗಿಸಿತ್ತು. ಇಡೀ ಮನೆಯಲ್ಲಿ ಸಣ್ಣಗೆ ಗುಳ್ಳೆ ಒಡೆಯುವ ಸದ್ದು.

ಶೆಟ್ರು ಮೆಟ್ಟಿಲಿನಿಂದ ಓಡಿ ಬಂದು ಹೊಸ್ತಿಲಲ್ಲೇ ಕೂತು, ಬಾಗಿಲ ತನಕ ಬಂದಿದ್ದ ಹಿಟ್ಟಿನ ಅಂಚನ್ನು ಮೂಸಿದರು. ಕೈ ಮಾತ್ರ ಹಿಂದಕ್ಕೇ ಕಟ್ಟಿಕೊಂಡಿದ್ದರು.

ಇಳಿಯುವಾಗ ಅದೇ ವಾಚ್‌ಮನ್. ಡ್ರಮ್ಮಿನಿಂದ ಇಳಿಯುತ್ತಿದ್ದ ಹಿಟ್ಟು ನೋಡಿ, "ಪೇಶಂಟ್ ಕಸಾ ಆಹೇ?" ಎಂದ. ಹೇಗಿದ್ದಾನೆ ಅಂತ.

"ಉಠಲಾ!" ಎಂದರು ಶೆಟ್ರು. ಎದ್ದ.

ಆವತ್ತು ಬೆಳಿಗ್ಗೆ ಗೋಖಲೆ ಕಾಕಾ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಇಡ್ಲಿಯನ್ನು ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು, ಇಡ್ಲಿ ಅದನ್ನು ಮೆಲ್ಲನೆ ವಾಪಸು ಕಳಿಸಿತು. ಕಾಕಾ ಚಟ್ನಿಯನ್ನು ಪಕ್ಕಕ್ಕೆ ಸರಿಸಿದರು. ಶೆಟ್ರು ಅಡುಗೆಮನೆಯ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದರು.

ಅಲ್ಲಿಗೆ ವಿಶೇಷ ಅತಿಥಿಯಾಗಿ ಬಂದಿದ್ದ ಶಾರದಕ್ಕ ಒಂದು ತುಂಡು ಬಾಯಿಗಿಟ್ಟು, ಕಣ್ಣು ಅರೆಮುಚ್ಚಿ, "ಇದರಾಗ ನನ್ನ ಕೈರುಚಿ ಬಂದದ ನೋಡ್ರಿ," ಎಂದರು.

ಶೆಟ್ರು ವಾದಿಸಲು ಬಾಯಿ ತೆರೆದರು. ನನ್ನ ಕಡೆ ನೋಡಿದರು. ನಾನು ಏನು ಹೇಳಲಿ? ಮೊಣಕೈವರೆಗೆ ಇಳಿಸಿದ ಕೈ ಬರೀ ಕೈಯಾಗಿ ಇಳಿದಿರುವುದಿಲ್ಲ. ಕುಂದಾಪುರದಿಂದ ಬಂದ ಹಿಟ್ಟಿನಲ್ಲಿ ಈಗ ಜಮಖಂಡಿಯ ಬ್ಯಾಕ್ಟೀರಿಯಾಗಳೂ ಒಂದಿಷ್ಟು ಸಂಸಾರ ಹೂಡಿರುತ್ತವೆ. ಹಾಗಂತ ಬರೆದು ಕೊಡಲೇ ಎಂದು ಕೇಳಿದೆ.

"ನೀನು ಇನ್ನು ಏನನ್ನೂ ಬರೆದು ಕೊಡುದು ಬೇಡ," ಎಂದರು ಶೆಟ್ರು. ಆಮೇಲೆ ಶಾರದಕ್ಕನ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿದರು. "ಅಮ್ಮ ಇದ್ದಿದ್ರೆ ನಿಮ್ಮನ್ನು ಬಿಡ್ತಿರ್ಲಿಲ್ಲ ಅಕ್ಕ."

ಫ್ರೇಮ್ ಗೋಡೆಯಿಂದ ಇಳಿದಿದೆ. ಲಕ್ಕಿ ಎಣ್ಣೆ ತನ್ನ ಮೂಲ ಹುದ್ದೆಗೆ, ಅಂದರೆ ಶೆಟ್ರ ಮಂಡಿಗೆ, ವಾಪಸಾಗಿದೆ. ಆ ರಿವ್ಯೂ ಇಂಟರ್ನೆಟ್ಟಿನಲ್ಲಿ ಹಾಗೇ ಇದೆ, ಪ್ರಶ್ನೆ ಚಿಹ್ನೆಯೂ ಇದೆ.

ಬಾಗಿಲಿನ ದುಂಡನೆಯ ಬೋರ್ಡನ್ನು ಮಾತ್ರ ಶೆಟ್ರು ಎಸೆಯಲಿಲ್ಲ. ಒಳ್ಳೆಯ ಸ್ಟೀಲು. ಬಿಸಿನೀರು, ಸೋಪು ಹಾಕಿ ತಿಕ್ಕಿ ಲಕ್ಕಿಯ ವಾಸನೆ ಹೋಗಿಸಿದ್ದಾರೆ, ಅಕ್ಷರ ಹೋಗಿಲ್ಲ. ಅದೀಗ ಹಿಟ್ಟಿನ ದೊಡ್ಡ ಡ್ರಮ್ಮಿಗೆ ಮುಚ್ಚಳ, ಬರಹ ಒಳಮುಖ. ಪ್ರತಿ ಸಂಜೆ ಮುಚ್ಚಿದ ಕೂಡಲೇ ಒಳಗಿನ ಲೆಕ್ಕವಿಲ್ಲದಷ್ಟು ಜೀವಿಗಳ ತಲೆಯ ಮೇಲೆ ಕೆಂಪಕ್ಷರದಲ್ಲಿ, ಇಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲ.

ಇಷ್ಟು ವರ್ಷ ಪುಣೆಯಲ್ಲಿದ್ದರೂ ಅವಕ್ಕೆ ಮರಾಠಿ ಓದಲು ಬಂದಿರಲಿಕ್ಕಿಲ್ಲ, ಅಲ್ಲವೇ?